ನೀರಿಗೂ ಒಂದು ಮಿತಿಯುಂಟು



ಈ ಅಂಕಣದಲ್ಲಿ ಇದುವರೆಗೆ ಅನ್ನದ ಮಿತಿಯನ್ನು ಕುರಿತು, ನಿದ್ರೆಯ ಮಿತಿಯನ್ನು ಕುರಿತು, ಮಾತಿನ ಮಿತಿಯನ್ನು ಕುರಿತು ಬರೆದದ್ದುಂಟು. ನೀರಿನ ಮಿತಿಯನ್ನು ಕುರಿತು ಬರೆಯಬೇಕಾದೀತೆಂದು ನಾನು ಎಣಿಸಿರಲಿಲ್ಲ. ನೀರೇ ಜೀವನ, ಅದು ಹೆಚ್ಚಾದರೆ ಯಾರಿಗೆ ಏನು ಕೇಡಾದೀತು ಎಂಬ ನಂಬಿಕೆ ನಿಮ್ಮೆಲ್ಲರಂತೆ ನನ್ನಲ್ಲಿಯೂ ಇತ್ತು. ಆ ನಂಬಿಕೆ ತಪ್ಪೆಂದು ನನಗೆ ತಿಳಿದದ್ದು ನನ್ನ ಮಾತನ್ನೇ ನಂಬಿದ ಒಬ್ಬ ತಾಯಿಯ ಹಾಸಿಗೆಯ ಪಕ್ಕದಲ್ಲಿ. ಅದನ್ನು ಮುಚ್ಚಿಡದೆ ನಿಮ್ಮ ಮುಂದೆ ಹೇಳುವುದು ನನ್ನ ಕರ್ತವ್ಯವೆಂದು ತಿಳಿದು ಈ ಲೇಖನವನ್ನು ಬರೆಯುತ್ತಿರುವೆ.

ಎರಡು ವರ್ಷಗಳ ಹಿಂದಿನ ಶ್ರಾವಣ ಮಾಸ. ಕಾಗವಾಡ ತಾಲೂಕಿನ ಕೃಷ್ಣಾ ತೀರದ ಒಂದು ಊರಿನಲ್ಲಿ ತಿಂಗಳ ಪರ್ಯಂತ ಪುರಾಣ ಪ್ರವಚನವನ್ನು ಏರ್ಪಡಿಸಿದ್ದರು. ಒಂದು ಸಂಜೆ ಶರೀರಧರ್ಮದ ಪ್ರಸಂಗ ಬಂದಿತು. ನಾನು ಉಷಃಪಾನದ ಮಹಿಮೆಯನ್ನು ವಿಸ್ತರಿಸಿ, "ಬೆಳಗಿನ ಜಾವದಲ್ಲಿ ಎದ್ದು ಹೊಟ್ಟೆ ತುಂಬ ನೀರು ಕುಡಿಯಿರಿ, ಎಷ್ಟು ಕುಡಿದರೂ ನೀರು ಯಾರಿಗೂ ಕೇಡು ಮಾಡದು" ಎಂದು ನುಡಿದೆ. ಸಭೆ ತಲೆದೂಗಿತು. ಆ ಮಾತು ಅಲ್ಲಿಗೇ ಮುಗಿಯಿತೆಂದು ನಾನು ತಿಳಿದಿದ್ದೆ.

ಮುಂದಿನ ಕಂಬದ ಬುಡದಲ್ಲಿ ನಿತ್ಯವೂ ಬಂದು ಕುಳಿತುಕೊಳ್ಳುತ್ತಿದ್ದ ಎಪ್ಪತ್ತರ ಪ್ರಾಯದ ಒಬ್ಬ ತಾಯಿ ಆ ಮಾತನ್ನು ವ್ರತದಂತೆ ಹಿಡಿದರು. ಅವರಿಗೆ ಹತ್ತು ವರ್ಷಗಳಿಂದ ರಕ್ತದೊತ್ತಡ. ಅದಕ್ಕಾಗಿ ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ನಿತ್ಯ ಸೇವಿಸುತ್ತಿದ್ದರು. ಶ್ರಾವಣವಾದ್ದರಿಂದ ಒಪ್ಪೊತ್ತು, ಉಪ್ಪನ್ನೂ ಕಡಿಮೆ ಮಾಡಿದ್ದರು. ಇದರ ಮೇಲೆ, ದಿನಕ್ಕೆ ಐದು ಲೀಟರು ನೀರು ಕುಡಿದರೆ ಸಕಲ ರೋಗಗಳೂ ಪರಿಹಾರವಾಗುವವೆಂದು ಮೊಮ್ಮಗನ ಮೊಬೈಲಿಗೆ ಬಂದ ಒಂದು ಸಂದೇಶ. ಶಾಸ್ತ್ರಿಗಳು ಹೇಳಿದ್ದೂ ಮೊಬೈಲು ಹೇಳಿದ್ದೂ ಒಂದೇ ಆಯಿತಲ್ಲ! ಎದ್ದ ಕೂಡಲೇ ಎರಡು ತಂಬಿಗೆ, ಲಿಂಗಪೂಜೆಯ ನಂತರ ಎರಡು, ಮಧ್ಯಾಹ್ನಕ್ಕೆ ಮತ್ತೆರಡು, ಹೀಗೆ ಆರಂಭವಾಯಿತು.

ಹತ್ತನೆಯ ದಿನ ತಲೆನೋವು, ಓಕರಿಕೆ. ಪಿತ್ತವೆಂದರು. ಪಿತ್ತ ಇಳಿಯಲೆಂದು ಇನ್ನಷ್ಟು ನೀರು ಕುಡಿಸಿದರು. ಮರುದಿನ ಆ ತಾಯಿ ಅಸಂಬದ್ಧವಾಗಿ ಮಾತನಾಡತೊಡಗಿದರು. ಎಂದೋ ಲಿಂಗೈಕ್ಯರಾದ ತಮ್ಮ ತಾಯಿಯನ್ನು ಕರೆಯತೊಡಗಿದರು. ಗಾಳಿ ಸೋಂಕಿದೆ, ತಾಯಿತ ಕಟ್ಟಿಸಿರಿ ಎಂದು ನೆರೆಯವರು ಹೇಳಿದರು. ರಾತ್ರಿ ಕೈಕಾಲು ಸೆಳೆದು ಫಿಟ್ಸು ಬಂದಿತು. ಆಗ ಮಿರಜಕ್ಕೆ ಒಯ್ದರು. ನನಗೆ ವಿಷಯ ತಿಳಿದು ಮರುದಿನ ಅಲ್ಲಿಗೆ ಹೋದಾಗ ಅವರ ಸೊಸೆ ಕಣ್ಣೊರೆಸಿಕೊಳ್ಳುತ್ತ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಶಾಸ್ತ್ರಿಗಳ್ರಿ, ನೀವು ಹೇಳಿದ್ದಕ್ಕಿಂತ ಕಡಿಮಿ ಏನೂ ಮಾಡಿಲ್ರಿ ನಮ್ಮ ಅತ್ತಿ. ಹೆಚ್ಚಿಗೇನ ಕುಡಿದಾರ್ರಿ."

ಅಲ್ಲಿಯ ತರುಣ ವೈದ್ಯರು ನನ್ನನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು ಸಾವಧಾನವಾಗಿ ತಿಳಿಸಿದರು. ನಮ್ಮ ರಕ್ತದಲ್ಲಿ ಉಪ್ಪಿನ ಅಂಶವಾದ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲುಗಳಷ್ಟು ಇರಬೇಕು. ಆ ತಾಯಿಯ ರಕ್ತದಲ್ಲಿ ಅದು 112ಕ್ಕೆ ಇಳಿದಿತ್ತು. ಹೊರಹೋಗುವ ಪ್ರಮಾಣವನ್ನು ಮೀರಿ ನೀರು ಒಳಗೆ ಬಂದಾಗ ರಕ್ತದ ಉಪ್ಪು ತೆಳುವಾಗುತ್ತದೆ. ಆಗ ನೀರು ರಕ್ತವನ್ನು ಬಿಟ್ಟು ಜೀವಕೋಶಗಳ ಒಳಗೆ ಸೇರುತ್ತದೆ, ಅವು ಉಬ್ಬುತ್ತವೆ. ತಾಯಂದಿರು ಮಡಿಕೆ ಕಾಳನ್ನು ನೆನೆಹಾಕಿದಾಗ ಅದು ಬೆಳಗಾಗುವಷ್ಟರಲ್ಲಿ ಎರಡರಷ್ಟು ಉಬ್ಬುವುದನ್ನು ಬಲ್ಲಿರಿ. ತೆರೆದ ಪಾತ್ರೆಯಲ್ಲಿ ಉಬ್ಬಿದರೆ ತೊಂದರೆಯಿಲ್ಲ. ಬಾಯಿ ಬಿಗಿದ ಡಬ್ಬಿಯಲ್ಲಿ ಉಬ್ಬಿದರೆ ಹೋಗಲು ಎಡೆಯೆಲ್ಲಿ? ಕೈಕಾಲಿನ ಮಾಂಸಖಂಡಕ್ಕೆ ಹಿಗ್ಗಲು ಸ್ಥಳವುಂಟು. ಮಿದುಳಾದರೋ ತಲೆಬುರುಡೆಯೆಂಬ ಬಿಗಿದ ಡಬ್ಬಿಯಲ್ಲಿದೆ. ಅದು ಉಬ್ಬಿದಾಗ ಮೊದಲು ತಲೆನೋವು, ಓಕರಿಕೆ. ಆಮೇಲೆ ಮಂಪರು, ಬುದ್ಧಿಭ್ರಮೆ. ಕೊನೆಗೆ ಫಿಟ್ಸು, ಪ್ರಜ್ಞಾಹೀನತೆ, ಮರಣ.

ಆರೋಗ್ಯವಂತನ ಮೂತ್ರಪಿಂಡಗಳು ಒಂದು ಗಂಟೆಗೆ ಸುಮಾರು 800 ಮಿಲಿಲೀಟರಿನಿಂದ ಒಂದು ಲೀಟರಿನವರೆಗೆ ಮಾತ್ರ ನೀರನ್ನು ಹೊರಹಾಕಬಲ್ಲವು. ಅದನ್ನು ಮೀರಿ ಕೆಲವು ಗಂಟೆಗಳ ಕಾಲ ಸತತವಾಗಿ ಕುಡಿದರೆ ತರುಣರಿಗೂ ಅಪಾಯವೇ. ಮುಪ್ಪಿನಲ್ಲಿ ಈ ಶಕ್ತಿ ಇನ್ನೂ ಕುಂದುತ್ತದೆ. ಇನ್ನೊಂದು ಸಂಗತಿಯನ್ನು ವ್ರತಸ್ಥರು ಲಕ್ಷ್ಯವಿಟ್ಟು ಓದಬೇಕು. ಮೂತ್ರಪಿಂಡವು ಬರಿಯ ನೀರನ್ನು ಹಾಗೆಯೇ ಸುರಿದುಬಿಡಲಾರದು. ನೀರಿನೊಡನೆ ಅನ್ನದಿಂದ ಬಂದ ಉಪ್ಪು, ಬೇಳೆಕಾಳು ಜೀರ್ಣವಾಗಿ ಉಳಿದ ಅಂಶ ಸ್ವಲ್ಪವಾದರೂ ಹೋಗಬೇಕು. ಊಟ ತೀರ ಕಡಿಮೆಯಾಗಿ ನೀರು ಮಾತ್ರ ಹೆಚ್ಚಾದರೆ, ಹೊರಹಾಕುವ ಸಾಮರ್ಥ್ಯವೇ ಕುಗ್ಗುತ್ತದೆ. ಆ ತಾಯಿಯ ವಿಷಯದಲ್ಲಿ ಮುಪ್ಪು, ಮಾತ್ರೆ, ಒಪ್ಪೊತ್ತು, ಆರು ತಂಬಿಗೆ ನೀರು ನಾಲ್ಕೂ ಒಂದೆಡೆ ಕೂಡಿದವು.

ಇದನ್ನು ಕೇಳುತ್ತಿದ್ದಾಗ ನನಗೆ ನಮ್ಮ ಸೀಮೆಯ ಹೊಲಗಳು ಕಣ್ಣ ಮುಂದೆ ಬಂದವು. ಉಗಾರ, ಶೇಡಬಾಳ, ಐನಾಪುರದ ಸುತ್ತಣ ಕರಿಯ ನೆಲವನ್ನು ಬಲ್ಲವರಿಗೆ ಸವಳು-ಜವಳು ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆಯ ನೀರು ಕೈಗೆ ಬಂದಿತೆಂದು ಕಬ್ಬಿಗೆ ಬೇಕಾದುದಕ್ಕಿಂತ ಹೆಚ್ಚು ಹಾಯಿಸಿದೆವು. ಕರಿಯ ಮಣ್ಣು ಬೇಗ ಬಸಿಯದು. ನೆಲದೊಳಗಿನ ನೀರಿನ ಮಟ್ಟ ಏರಿತು. ತಳದ ಉಪ್ಪು ಮೇಲಕ್ಕೆ ಬಂದಿತು. ಬಂಗಾರದಂಥ ಹೊಲಗಳ ಮೇಲೆ ಬಿಳಿಯ ಪದರು ಕಟ್ಟಿತು. ಉಗಾರ ಬುದ್ರುಕ ಮೊದಲಾದ ಕಡೆಗಳಲ್ಲಿ ನೆಲದಡಿಯಲ್ಲಿ ತೂತುಳ್ಳ ಕೊಳವೆಗಳನ್ನು ಹೂಳಿ, ಹೆಚ್ಚಿನ ನೀರನ್ನು ಬಸಿದು ಹೊರಹಾಕಿ ಭೂಮಿಯನ್ನು ಉಳಿಸಿಕೊಳ್ಳಬೇಕಾಯಿತು. ಹೊಲದಲ್ಲಿ ಉಪ್ಪು ಮೇಲೇರುತ್ತದೆ, ದೇಹದಲ್ಲಿ ಉಪ್ಪು ತೆಳುವಾಗುತ್ತದೆ. ದಾರಿ ಬೇರೆ, ಮೂಲಕಾರಣ ಒಂದೇ. ಬಸಿಯುವ ಶಕ್ತಿಗಿಂತ ಹಾಯಿಸಿದ ನೀರು ಹೆಚ್ಚು. ಮೂತ್ರಪಿಂಡವೇ ನಮ್ಮ ದೇಹದ ಬಸಿಗಾಲುವೆ. ಹೊಲಕ್ಕೆ ನೀರು ಬಿಡುವ ಮುನ್ನ ಬಸಿಗಾಲುವೆಯನ್ನು ನೋಡುವ ರೈತ, ತನ್ನ ದೇಹಕ್ಕೆ ನೀರು ಬಿಡುವಾಗ ಅದನ್ನು ಮರೆಯಬಾರದು.

"ದಿನಕ್ಕೆ ಎಂಟು ಗ್ಲಾಸು ನೀರು ಕುಡಿಯಲೇಬೇಕೆಂದು ಎಲ್ಲರೂ ಹೇಳುವರಲ್ಲ" ಎಂದು ಕೆಲವರು ಕೇಳಬಹುದು. ಈ ಮಾತಿನ ಬೇರನ್ನು ಹುಡುಕಿದವರುಂಟು. 1945ರಲ್ಲಿ ಅಮೆರಿಕೆಯ ಆಹಾರ ಮತ್ತು ಪೋಷಣ ಮಂಡಳಿಯು ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರು ನೀರು ಸಾಕೆಂದು ತಿಳಿಸಿ, ಅದರ ಹೆಚ್ಚಿನ ಭಾಗ ನಾವು ಉಣ್ಣುವ ಆಹಾರದಲ್ಲಿಯೇ ಇದೆಯೆಂದೂ ಹೇಳಿತ್ತು. ಜನ ಮೊದಲನೆಯ ಮಾತನ್ನು ಹಿಡಿದರು, ಎರಡನೆಯದನ್ನು ಬಿಟ್ಟರು ಎಂದು ತೋರುತ್ತದೆ. 2002ರಲ್ಲಿ ಹೈಂಜ್ ವಾಲ್ಟಿನ್ ಎಂಬ ಮೂತ್ರಪಿಂಡ ಶಾಸ್ತ್ರಜ್ಞರು ಈ ಎಂಟು ಗ್ಲಾಸಿನ ನಿಯಮಕ್ಕೆ ಆಧಾರವನ್ನು ಶೋಧಿಸಿ, ಆರೋಗ್ಯವಂತರಾಗಿ ಸಮಶೀತೋಷ್ಣ ಹವೆಯಲ್ಲಿ ಹೆಚ್ಚು ಶ್ರಮವಿಲ್ಲದೆ ಇರುವವರ ಮಟ್ಟಿಗೆ ಅದಕ್ಕೆ ವೈಜ್ಞಾನಿಕ ಪ್ರಮಾಣ ದೊರೆಯಲಿಲ್ಲವೆಂದು ಪ್ರಕಟಿಸಿದರು. ನಮ್ಮ ನುಚ್ಚು-ಮಜ್ಜಿಗೆ, ಸಾರು, ಪಲ್ಯ, ಸೌತೆಕಾಯಿ, ದ್ರಾಕ್ಷಿ ಇವೆಲ್ಲವುಗಳಲ್ಲಿಯೂ ನೀರಿದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಆಯುರ್ವೇದಾಚಾರ್ಯರೂ ಈ ಮಿತಿಯನ್ನು ಬಲ್ಲವರೇ ಆಗಿದ್ದರು. ವಾಗ್ಭಟಾಚಾರ್ಯನು ಅಷ್ಟಾಂಗಹೃದಯದಲ್ಲಿ, ಶರತ್ಕಾಲ ಮತ್ತು ಗ್ರೀಷ್ಮಕಾಲಗಳ ಹೊರತು ಆರೋಗ್ಯವಂತನೂ ನೀರನ್ನು ಸ್ವಲ್ಪವಾಗಿಯೇ ಕುಡಿಯಬೇಕೆಂದು ವಿಧಿಸಿದ್ದಾನೆ. ಹೊಟ್ಟೆಯ ಎರಡು ಭಾಗ ಅನ್ನಕ್ಕೆ, ಒಂದು ಭಾಗ ದ್ರವಕ್ಕೆ, ಒಂದು ಭಾಗ ವಾಯುಸಂಚಾರಕ್ಕೆ ಎಂಬ ಅವನ ವಿಭಾಗವನ್ನು ನಾನು ಮಠದ ಪಾಠಶಾಲೆಯಲ್ಲಿ ಬಾಲ್ಯದಲ್ಲಿಯೇ ಕಲಿತಿದ್ದೆ. ಕಲಿತಿದ್ದೂ ಆ ಸಂಜೆ ಸಭೆಯ ಉತ್ಸಾಹದಲ್ಲಿ "ಎಷ್ಟು ಕುಡಿದರೂ" ಎಂದುಬಿಟ್ಟೆ. ಗ್ರಂಥವನ್ನು ಓದಿದವನ ನಾಲಿಗೆ ಗ್ರಂಥವನ್ನು ಮೀರಿ ಹೋಯಿತು. ನಮ್ಮ ಅಷ್ಟಾವರಣಗಳಲ್ಲಿ ಒಂದಾದ ಪಾದೋದಕವನ್ನಾದರೂ ನೋಡಿರಿ. ಅದನ್ನು ಯಾರೂ ಕೊಡಗಟ್ಟಲೆ ಕುಡಿಯುವುದಿಲ್ಲ. ಅಂಗೈಯಲ್ಲಿ ನಿಲ್ಲುವಷ್ಟನ್ನು ಭಕ್ತಿಯಿಂದ ಸ್ವೀಕರಿಸುತ್ತೇವೆ. ಪವಿತ್ರವಾದುದಕ್ಕೂ ಪ್ರಮಾಣವುಂಟು.

ಇದು ಮುದುಕರ ಮಾತು ಮಾತ್ರವೆಂದು ತರುಣರು ತಿಳಿಯಬಾರದು. 2007ರ ಜನವರಿಯಲ್ಲಿ ಅಮೆರಿಕೆಯ ಸ್ಯಾಕ್ರಮೆಂಟೊ ನಗರದ ಒಂದು ರೇಡಿಯೋ ಕೇಂದ್ರದವರು, ಮೂತ್ರವಿಸರ್ಜನೆಗೆ ಹೋಗದೆ ಅತಿ ಹೆಚ್ಚು ನೀರು ಕುಡಿದವರಿಗೆ ಬಹುಮಾನವೆಂದು ಪಂದ್ಯವನ್ನು ಏರ್ಪಡಿಸಿದ್ದರು. ಅದರಲ್ಲಿ ಭಾಗವಹಿಸಿದ 28 ವಯಸ್ಸಿನ, ಮಕ್ಕಳೊಂದಿಗಳಾದ ಮಹಿಳೆಯೊಬ್ಬಳು ತಲೆನೋವೆಂದು ಮನೆಗೆ ಮರಳಿ ಕೆಲವೇ ಗಂಟೆಗಳಲ್ಲಿ ಅಸುನೀಗಿದಳು. 2002ರಲ್ಲಿ ಬಾಸ್ಟನ್ ನಗರದ ಮ್ಯಾರಥಾನ್ ಓಟದಲ್ಲಿ ಒಬ್ಬ ತರುಣಿ ಇದೇ ಕಾರಣದಿಂದ ತೀರಿಕೊಂಡಳು. ಅದೇ ಓಟದ 488 ಜನರ ರಕ್ತವನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. ದಾರಿಯುದ್ದಕ್ಕೂ ಬಾಯಾರಿಕೆಯನ್ನು ಮೀರಿ ಕುಡಿಯುತ್ತ, ಓಟ ಮುಗಿಯುವಾಗ ತೂಕ ಇಳಿಯುವ ಬದಲು ಏರಿದ್ದವರಲ್ಲಿ ಈ ತೊಂದರೆ ಹೆಚ್ಚಾಗಿ ಕಂಡುಬಂದಿತು.

ಮ್ಯಾರಥಾನಿಗೂ ನಮಗೂ ಏನು ಸಂಬಂಧವೆನ್ನದಿರಿ. ಯುಗಾದಿಯ ಮುನ್ನ ನಮ್ಮ ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯಿಂದ ಮಲ್ಲಯ್ಯನ ಕಂಬಿಯೊಡನೆ ಸಾವಿರಾರು ಸದ್ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಬಿಸಿಲಿನಲ್ಲಿ ದಿನಗಟ್ಟಲೆ ನಡಿಗೆ. ಬೆವರಿನೊಡನೆ ಉಪ್ಪೂ ಹೋಗುತ್ತದೆ. ದಾರಿಯಲ್ಲಿ ದಾಸೋಹ ಮಾಡುವವರು ಪ್ರೀತಿಯಿಂದ ಹೆಜ್ಜೆಹೆಜ್ಜೆಗೆ ನೀರಿನ ಬಾಟಲಿಯನ್ನು ಕೈಗಿಡುತ್ತಾರೆ. ಯಾತ್ರಿಕರು ಬಾಯಾರಿಕೆಯನ್ನು ಅನುಸರಿಸಿ ಕುಡಿಯಲಿ, ಬಲವಂತದಿಂದ ಬೇಡ. ದಾಸೋಹ ಮಾಡುವವರು ಬರಿಯ ನೀರಿನೊಡನೆ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ, ಪ್ರಸಾದವನ್ನೂ ನೀಡಿದರೆ ಆ ಸೇವೆ ಪರಿಪೂರ್ಣವಾಗುತ್ತದೆ. ಸೈನ್ಯದ ಭರತಿಗೆಂದು ನಸುಕಿನಲ್ಲಿ ಓಡುವ ನಮ್ಮ ಹುಡುಗರಿಗೂ ಇದೇ ಮಾತು.

ಇನ್ನು ಕೂಸುಗಳ ವಿಷಯ. ಸೆಖೆಯಾಗಿದೆ, ಕೂಸಿನ ಬಾಯಿ ಒಣಗಿದೆ ಎಂದು ಹಿರಿಯ ಅಜ್ಜಿಯರು ಎರಡು ಮೂರು ತಿಂಗಳ ಕೂಸಿಗೆ ಚಮಚೆಯಿಂದ ನೀರು ಹಾಕುವುದನ್ನು ಇಂದಿಗೂ ನೋಡುತ್ತೇವೆ. ಆರು ತಿಂಗಳು ತುಂಬುವವರೆಗೆ ಎದೆಹಾಲಿನ ಹೊರತು ನೀರನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಎದೆಹಾಲಿನಲ್ಲಿ ಬಹುಪಾಲು ನೀರೇ ಇದೆ. ಎಳೆಯ ಮೂತ್ರಪಿಂಡಕ್ಕೆ ಹೆಚ್ಚಿನ ನೀರನ್ನು ಹೊರಹಾಕುವ ಬಲವಿಲ್ಲ. ಜೊತೆಗೆ ಹೊಟ್ಟೆ ನೀರಿನಿಂದ ತುಂಬಿ ಕೂಸು ಹಾಲು ಬಿಡುತ್ತದೆ, ಅಶುದ್ಧ ನೀರಿನಿಂದ ಭೇದಿಯೂ ತಗಲುತ್ತದೆ. ಬಾಟಲಿ ಹಾಲು ಕುಡಿಸುವವರು ಹಾಲಿನ ಪುಡಿಯನ್ನು ಉಳಿಸಲೆಂದು ನೀರು ಹೆಚ್ಚು ಬೆರೆಸುವುದೂ ಇಷ್ಟೇ ಅಪಾಯಕರ.

ವಾಂತಿ-ಭೇದಿಯಾದಾಗ ನೀರಿನೊಡನೆ ಉಪ್ಪೂ ಹೋಗುತ್ತದೆ. ಆದುದರಿಂದ ಬರಿಯ ನೀರು ಸಾಲದು. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಕುಡಿಸಿ ಸಾವಿನ ಪ್ರಮಾಣವನ್ನು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಸಿದರು. 2022ರಲ್ಲಿ ಅವರು ತೀರಿಕೊಂಡ ಬಳಿಕ, 2023ರಲ್ಲಿ ಭಾರತ ಸರಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನು ಘೋಷಿಸಿತು. ಅವರ ದಾರಿಯ ಫಲವೇ ಇಂದಿನ ಓ.ಆರ್.ಎಸ್. ಪೊಟ್ಟಣ. ದೊಡ್ಡ ಪೊಟ್ಟಣವನ್ನು ಒಂದು ಲೀಟರು ಶುದ್ಧ ನೀರಿನಲ್ಲಿ ಪೂರ್ತಿಯಾಗಿ ಕರಗಿಸಬೇಕು. ಅರ್ಧ ಪೊಟ್ಟಣ, ಎರಡು ಲೀಟರು ನೀರು ಎಂಬ ಮಿತವ್ಯಯ ಇಲ್ಲಿ ಸಲ್ಲದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ನೀರಿಗೆ ಚಹದ ಚಮಚೆಯಿಂದ ಮಟ್ಟಸವಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು.

ಇಷ್ಟು ಓದಿ ನೀರನ್ನೇ ಬಿಟ್ಟುಬಿಡಬೇಡಿರಿ. ಅದು ಇನ್ನೊಂದು ಅತಿ. ಕಬ್ಬು ಕಡಿಯುವವರು, ಗಾಣ-ಭಟ್ಟಿಗಳ ಮುಂದೆ ದುಡಿಯುವವರು, ಬಿಸಿಲಿನಲ್ಲಿ ಕಾಯಕ ಮಾಡುವವರು ಹೆಚ್ಚು ನೀರನ್ನು ಕುಡಿಯಲೇಬೇಕು. ಮೂತ್ರದಲ್ಲಿ ಹರಳಿನ ತೊಂದರೆ ಇರುವವರಿಗೆ ವೈದ್ಯರೇ ಹೆಚ್ಚು ನೀರನ್ನು ವಿಧಿಸುತ್ತಾರೆ. ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ಮಂದವಾಗುವುದರಿಂದ ಹಿರಿಯರಿಗೆ ಊಟ-ಉಪಾಹಾರಗಳ ಜೊತೆಗೆ ನೆನಪಿಸಿ ನೀರು ಕೊಡಬೇಕು. 2019ನೆಯ ಇಸವಿಯನ್ನು ನಾವು ಮರೆತಿಲ್ಲ. ಆ ವರ್ಷ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಮಹಾರಾಷ್ಟ್ರದ ಕೊಯ್ನಾ ನೀರಿಗಾಗಿ ಮೊರೆಯಿಡಬೇಕಾಯಿತು. ಅದೇ ವರ್ಷದ ಅಗಸ್ಟಿನಲ್ಲಿ ಅದೇ ಕೃಷ್ಣೆ ಉಕ್ಕಿ ಜುಗುಳ, ಮಂಗಾವತಿಯಂಥ ಊರುಗಳನ್ನು ಮುಳುಗಿಸಿದಳು. ಇಲ್ಲದ ನೀರೂ ಕೊಲ್ಲುತ್ತದೆ, ಮಿತಿ ಮೀರಿದ ನೀರೂ ಕೊಲ್ಲುತ್ತದೆ ಎಂಬುದನ್ನು ಒಂದೇ ವರ್ಷದಲ್ಲಿ ಕಂಡ ಜನ ನಾವು.

ಹಾಗಾದರೆ ಅಳತೆ ಯಾವುದು? ಆರೋಗ್ಯವಂತರಿಗೆ ಬಾಯಾರಿಕೆಯೇ ಅಳತೆ. ಮೂತ್ರ ತೆಳುಹಳದಿಯಾಗಿದ್ದರೆ ನೀರು ಸಾಕಷ್ಟಿದೆ. ದಟ್ಟ ಹಳದಿಯಾದರೆ ಕಡಿಮೆಯಾಗಿದೆ. ದಿನವಿಡೀ ನೀರಿನಂತೆ ಬಿಳುಪಾಗಿಯೇ ಹೋಗುತ್ತಿದ್ದರೆ ಬಹುಶಃ ಹೆಚ್ಚಾಗಿದೆ. ಬೆಳಿಗ್ಗೆ ಒಂದು ಲೋಟ ನೀರು ಕುಡಿಯುವ ರೂಢಿಯಿದ್ದವರು ಮುಂದುವರಿಸಬಹುದು. ಗಂಟಲಿಗೆ ಬರುವಷ್ಟು ಬೇಡ. ಹೃದಯದ ದುರ್ಬಲತೆ, ಮೂತ್ರಪಿಂಡ ಅಥವಾ ಯಕೃತ್ತಿನ ರೋಗವಿದ್ದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನು, ಮನೋವ್ಯಾಧಿಗೆ ಮಾತ್ರೆಯನ್ನು ಸೇವಿಸುವವರು ತಮಗೆಷ್ಟು ನೀರು ಬೇಕೆಂಬುದನ್ನು ತಮ್ಮ ವೈದ್ಯರಿಂದಲೇ ಕೇಳಿ ತಿಳಿಯಬೇಕು. ಮಾತ್ರೆಯನ್ನಾಗಲಿ ಉಪ್ಪನ್ನಾಗಲಿ ಸ್ವಂತ ಬುದ್ಧಿಯಿಂದ ಬಿಡಬಾರದು, ಹೆಚ್ಚಿಸಬಾರದು. ಎಷ್ಟು ಕುಡಿದರೂ ತೀರದ ಬಾಯಾರಿಕೆಯಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನು ಮಾಡಿಸಬೇಕು.

ಮನೆಯ ಹಿರಿಯರು ಒಮ್ಮೆಲೇ ಅಸಂಬದ್ಧವಾಗಿ ಮಾತನಾಡತೊಡಗಿದರೆ, ತೂಕಡಿಸುತ್ತಲೇ ಇದ್ದರೆ, ನಡೆಯುವಾಗ ತೂರಾಡಿದರೆ ತಾಯಿತ ಕಟ್ಟಿಸುತ್ತ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಸೋಡಿಯಂ ಎಷ್ಟಿದೆಯೆಂಬುದು ರಕ್ತದ ಸಣ್ಣ ಪರೀಕ್ಷೆಯಿಂದ ತಿಳಿಯುತ್ತದೆ. ಮನೆಯಲ್ಲಿಯೇ ಉಪ್ಪಿನ ನೀರು ಕುಡಿಸಿ ಸರಿಪಡಿಸುವ ಸಾಹಸ ಮಾಡದಿರಿ. ಇಳಿದ ಸೋಡಿಯಂ ಅನ್ನು ವೈದ್ಯರು ದಿನಕ್ಕಿಷ್ಟೆಂದು ಅಳೆದು ನಿಧಾನವಾಗಿ ಏರಿಸುತ್ತಾರೆ. ಅವಸರದಿಂದ ಏರಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು.

ಆ ತಾಯಿ ಎಂಟು ದಿನಗಳ ನಂತರ ಮನೆಗೆ ಬಂದರು. ನೆನಪು ಮರಳಿತು, ನಡಿಗೆಯಲ್ಲಿಯ ಮೊದಲಿನ ಧೈರ್ಯ ಮರಳಲಿಲ್ಲ. ಈಗಲೂ ಕೋಲಿನ ಆಸರೆ ಬೇಕು. ಮರುವರ್ಷದ ಶ್ರಾವಣದಲ್ಲಿ ಅದೇ ಊರಿನವರು ಮತ್ತೆ ನನ್ನನ್ನು ಪ್ರವಚನಕ್ಕೆ ಕರೆದರು. ಮೊದಲ ದಿನವೇ, ಗ್ರಂಥವನ್ನು ಬಿಚ್ಚುವ ಮುನ್ನ, ಹಿಂದಿನ ವರ್ಷ ನಾನು ಆಡಿದ ಮಾತು ತಪ್ಪೆಂದು ಸಭೆಯ ಮುಂದೆ ಕೈಮುಗಿದು ಹೇಳಿದೆ. ಪೀಠದ ಮೇಲೆ ಕುಳಿತವನ ಮಾತಿಗೆ ತೂಕ ಹೆಚ್ಚು; ಆದುದರಿಂದಲೇ ಅವನ ತಪ್ಪಿಗೂ ತೂಕ ಹೆಚ್ಚು. ಪ್ರವಚನಕಾರರಾದ ನನ್ನ ಬಂಧುಗಳು ಇದನ್ನು ಮನಸ್ಸಿಗೆ ತಂದುಕೊಳ್ಳಲಿ.

ಸಭೆ ಮುಗಿದ ಮೇಲೆ ಆ ತಾಯಿ ಕೋಲೂರುತ್ತ ಬಂದು ಶರಣೆಂದರು. ನಾನು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆ. ಅವರೇ ನಕ್ಕು ಹೇಳಿದರು: "ಹೋಗ್ಲಿ ಬಿಡ್ರಿ ಶಾಸ್ತ್ರಿಗಳ, ನನ್ನ ಗ್ರಹಚಾರ ಇತ್ತು. ಆದ್ರ ಇನ್ನ ಮ್ಯಾಲ ಪುರಾಣದಾಗ ನೀರು ಕುಡೀರಿ ಅಂತ ಹೇಳುವಾಗ ಅಳತಿನೂ ಕೂಡೇ ಹೇಳ್ರಿ."

ಆ ತಾಯಿಯ ಅಪ್ಪಣೆಯಂತೆ ಅಳತೆಯನ್ನೂ ಕೂಡಿಯೇ ಹೇಳಿರುವೆ. ನಿಮ್ಮ ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿರಿ.